ಚೇಂಬರಿನಲ್ಲಿ ಗುಂಡು, ಸೊಂಟದಲ್ಲಿ ಪಿಸ್ತೂಲು: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ ಒಬ್ಬರಿಗೆ ಉತ್ತರ ಕೊಡುತ್ತಾ, ಚೇಂಬರಿನಲ್ಲಿ (ನಳಿಕೆಯ ಹಿಂತುದಿಯಲ್ಲಿ ಗುಂಡು ಹಾರಲು ಸಿದ್ಧವಾಗಿ ಕೂರುವ ಗೂಡು) ಗುಂಡಿದ್ದ ಮಾತ್ರಕ್ಕೆ ಪಿಸ್ತೂಲು ತಾನಾಗಿ ಸಿಡಿಯುವುದಿಲ್ಲ, ಒಳ್ಳೆಯ ಹೋಲ್‌ಸ್ಟರ್ (ಪಿಸ್ತೂಲಿನ ಒರೆ) ಇದ್ದರೆ ಸಾಕು ಎಂದು ಎರಡು ಸಾಲು ಬರೆದಿದ್ದೆ. ಆಮೇಲೆ ಬಂದ ಪತ್ರಗಳನ್ನು ಓದಿದಾಗ ಎರಡು ಸಾಲು ಏನೇನೂ ಸಾಲದು ಅನ್ನಿಸಿತು. ‘ಸಾಕು’ ಎಂದು ಬರೆದದ್ದೂ ಸರಿಯಲ್ಲ. ಹಾಗಾಗಿ ಈ ಸಲ ಪೂರ್ತಿ ಇದೇ ವಿಷಯ. ಬರೆದವರೆಲ್ಲ ಲೈಸೆನ್ಸ್ ಇರುವವರು, ಪಿಸ್ತೂಲನ್ನು ಬಟ್ಟೆಯೊಳಗೆ ಇಟ್ಟುಕೊಂಡು ಓಡಾಡಲು ಕಾನೂನಿನ ಅನುಮತಿ ಇರುವವರು ಎಂದುಕೊಂಡೇ ಉತ್ತರಿಸುತ್ತಿದ್ದೇನೆ. ನಿಯಮ ಒಂದೊಂದು ಕಡೆ ಒಂದೊಂದು ಥರ ಇದೆ. ಮೊದಲು ಅದನ್ನು ತಿಳಿದುಕೊಳ್ಳಿ, ಆಮೇಲೆ ಮಿಕ್ಕದ್ದು.

ಪ್ರಶ್ನೆ: ಹೊಸದಾಗಿ ಪಿಸ್ತೂಲು ತೆಗೆದುಕೊಂಡಿದ್ದೇನೆ. ಚೇಂಬರಿನಲ್ಲಿ ಗುಂಡು ಇಟ್ಟುಕೊಂಡೇ ಓಡಾಡಿ ಅಂತ ಕಲಿಸಿದವರು ಹೇಳುತ್ತಾರೆ. ನನಗೆ ಎದೆ ಢವಢವ. ಯಾರಾದರೂ ಗುದ್ದಿದರೆ, ಎಡವಿ ಬಿದ್ದರೆ, ಅದೇ ಹಾರಿಬಿಟ್ಟರೆ ಏನು ಗತಿ?

ಉತ್ತರ: ಆ ಭಯ ಇರಲಿ, ಅದನ್ನು ಓಡಿಸಬೇಡಿ. ಆದರೆ ಅದು ಸರಿಯಾದ ಜಾಗದಲ್ಲಿರಲಿ. ಈಗ ನೀವು ಹೆದರುತ್ತಿರುವುದು ಪಿಸ್ತೂಲು ಸುಮ್ನೆ ಸೊಂಟದಲ್ಲಿ ಕೂತಿರುವ ಹೊತ್ತಿಗೆ. ನಿಜವಾಗಿ ಹೆದರಬೇಕಾದದ್ದು ನಿಮ್ಮ ಕೈ ಅದನ್ನು ಮುಟ್ಟುವ ಹೊತ್ತಿಗೆ.

ಒಳಗೆ ಏನು ನಡೆಯುತ್ತದೆ ಅಂತ ಒಮ್ಮೆ ನೋಡೋಣ. ಗುಂಡು ಹಾರಬೇಕಾದರೆ ಅದರ ಹಿಂಬದಿಯ ಪ್ರೈಮರ್ ಎಂಬ ಕಿಡಿ ಹಾರಿಸುವ ಪುಟ್ಟ ಬಟ್ಟಲಿಗೆ ಒಂದು ಮೊಳೆ ಜೋರಾಗಿ ಬಡಿಯಬೇಕು. ಆ ಮೊಳೆಯೇ ಫೈರಿಂಗ್ ಪಿನ್, ಕೆಲವು ಪಿಸ್ತೂಲುಗಳಲ್ಲಿ ಸ್ಟ್ರೈಕರ್. ಈಗಿನ ಬಹುತೇಕ ಪಿಸ್ತೂಲುಗಳಲ್ಲಿ ಈ ಮೊಳೆಯ ದಾರಿಗೆ ಅಡ್ಡವಾಗಿ ಒಂದು ಸಣ್ಣ ಉಕ್ಕಿನ ತುಂಡು ಕೂತಿರುತ್ತದೆ. ಟ್ರಿಗರ್ ಅನ್ನು ಪೂರ್ತಿ ಹಿಂದಕ್ಕೆ ಎಳೆದಾಗ ಮಾತ್ರ ಅದು ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ. 1982ರಲ್ಲಿ ಬಂದ ಗ್ಲಾಕ್ 17ರಲ್ಲಿ ಇಂಥ ತಡೆ ಒಂದಲ್ಲ, ಮೂರಿವೆ. ಟ್ರಿಗರ್ ಮೇಲೇ ಒಂದು ಪುಟ್ಟ ನಾಲಿಗೆ, ಮೊಳೆಗೆ ಒಂದು ಅಡ್ಡಗಟ್ಟು, ಬಿದ್ದಾಗ ಹಾರದಂತೆ ಇನ್ನೊಂದು. ಮೂರೂ ಟ್ರಿಗರ್ ಎಳೆಯುತ್ತಾ ಹೋದಂತೆ ಒಂದೊಂದಾಗಿ ಬಿಟ್ಟುಕೊಳ್ಳುತ್ತವೆ, ಬೆರಳು ತೆಗೆದರೆ ಮತ್ತೆ ಕೂತುಕೊಳ್ಳುತ್ತವೆ. ಹಾಗಾಗಿ ಯಾರೋ ಗುದ್ದಿದ್ದಕ್ಕೆ, ನೀವು ಎಡವಿದ್ದಕ್ಕೆ ಅದು ಹಾರಬಾರದು.

ಹಾಗಂತ ಯಂತ್ರ ತಪ್ಪೇ ಮಾಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಸಿಗ್ ಸಾವರ್ ಕಂಪನಿಯ ಪಿ320 ಪಿಸ್ತೂಲು ಒಂದು ನಿರ್ದಿಷ್ಟ ಕೋನದಲ್ಲಿ ನೆಲಕ್ಕೆ ಬಿದ್ದರೆ ಹಾರುತ್ತದೆ ಎಂದು 2017ರಲ್ಲಿ ಗೊತ್ತಾಯಿತು. ಅದೇ ಆಗಸ್ಟ್‌ನಲ್ಲಿ ಕಂಪನಿ ಟ್ರಿಗರ್ ಮತ್ತು ಇನ್ನು ಕೆಲವು ಭಾಗಗಳನ್ನು ಬದಲಿಸಿಕೊಡುವುದಾಗಿ ಪ್ರಕಟಿಸಿತು. ಆದ್ದರಿಂದ ನಿಮ್ಮ ಮಾಡೆಲ್ ಹೆಸರು ಹಿಡಿದು ಅಂಥ ಸೂಚನೆ ಏನಾದರೂ ಬಂದಿದೆಯಾ ಅಂತ ಕಂಪನಿಯಿಂದಲೇ ಕೇಳಿ ತಿಳಿದುಕೊಳ್ಳಿ. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದರಂತೂ ಕೇಳಲೇಬೇಕು. ಹಿಂದಿನವರು ಟ್ರಿಗರ್ ಹಗುರ ಮಾಡಿಸಿರಬಹುದು, ಒಳಗಿನ ಸ್ಪ್ರಿಂಗ್ ಬದಲಿಸಿರಬಹುದು. ಹೊರಗಿನಿಂದ ಏನೂ ಕಾಣುವುದಿಲ್ಲ. ಬಲ್ಲ ಮೆಕ್ಯಾನಿಕ್ ಒಬ್ಬರು ಬಿಚ್ಚಿ ನೋಡುವವರೆಗೆ ಅಂಥದ್ದನ್ನು ಗುಂಡು ತುಂಬಿ ಸೊಂಟಕ್ಕೆ ಸಿಕ್ಕಿಸಬೇಡಿ.

ಪ್ರಶ್ನೆ: ಚೇಂಬರ್ ಖಾಲಿ ಇಟ್ಟು ಮ್ಯಾಗಜೀನಿನಲ್ಲಿ (ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿ) ಮಾತ್ರ ಗುಂಡು ಇಟ್ಟರೆ ಆಯಿತಲ್ಲ? ಬೇಕಾದಾಗ ಪಿಸ್ತೂಲಿನ ಮೇಲಿನ ಜಾರುವ ಭಾಗವನ್ನು, ಅಂದರೆ ಸ್ಲೈಡನ್ನು, ಹಿಂದಕ್ಕೆ ಎಳೆದು ಬಿಟ್ಟರೆ ಗುಂಡು ಚೇಂಬರಿಗೆ ಹೋಗುತ್ತದೆ, ಮುಗಿಯಿತು. ಇಷ್ಟೆಲ್ಲ ತಲೆನೋವು ಯಾಕೆ?

ಉತ್ತರ: ಆಗಬಹುದು. ಹಾಗೆ ಇಟ್ಟುಕೊಳ್ಳುವವರನ್ನು ನಾನು ಹೀಯಾಳಿಸುವುದಿಲ್ಲ, ಹೀಯಾಳಿಸುವವರ ಮಾತು ನೀವೂ ಕೇಳಬೇಡಿ. ಆದರೆ ಏನು ಬಿಟ್ಟುಕೊಡುತ್ತಿದ್ದೀರಿ ಅಂತ ಗೊತ್ತಿರಲಿ. ಸ್ಲೈಡ್ ಎಳೆಯಲು ಎರಡು ಕೈ ಬೇಕು. ಅಪಾಯದ ಹೊತ್ತಿಗೆ ಒಂದು ಕೈಯಲ್ಲಿ ಮಗು ಇರಬಹುದು, ಯಾರೋ ತೋಳು ಹಿಡಿದಿರಬಹುದು, ಕೈಗೇ ಪೆಟ್ಟಾಗಿರಬಹುದು. ಕೈ ನಡುಗುವಾಗ ಸ್ಲೈಡನ್ನು ಅರ್ಧಕ್ಕೇ ಬಿಟ್ಟು ಗುಂಡು ಸಿಕ್ಕಿಹಾಕಿಕೊಳ್ಳುವುದೂ ಉಂಟು. ಚೇಂಬರಿನಲ್ಲಿ ಗುಂಡಿಡಿ ಎನ್ನುವವರ ವಾದ ಇದು. ತೂಕದ ವಾದವೇ.

ಆದರೆ ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಬೇರೆ. ಚೇಂಬರ್ ಖಾಲಿ ಎಂಬ ನಂಬಿಕೆ ಕೈಯನ್ನು ಸಡಿಲ ಮಾಡುತ್ತದೆ. ಹೋಲ್‌ಸ್ಟರ್ ಹೇಗಿದ್ದರೂ ನಡೆಯುತ್ತದೆ, ಬೆರಳು ಎಲ್ಲಿದ್ದರೂ ನಡೆಯುತ್ತದೆ ಅನ್ನಿಸತೊಡಗುತ್ತದೆ. ಒಂದು ದಿನ ಅದು ಖಾಲಿ ಇರುವುದಿಲ್ಲ. ‘ಖಾಲಿ ಇದೆ ಅಂದುಕೊಂಡಿದ್ದೆ’ ಎಂಬ ಮಾತನ್ನು, ಪಿಸ್ತೂಲು ಕಲಿಸುವ ಈ ಕೆಲಸದಲ್ಲಿ, ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಪಿಸ್ತೂಲು ಕಲಿಸುವುದಕ್ಕೆಂದೇ ಶಾಲೆ ಕಟ್ಟಿದ ಅಮೆರಿಕದ ಜೆಫ್ ಕೂಪರ್ ಅವರ ನಾಲ್ಕು ನಿಯಮಗಳಲ್ಲಿ ಮೊದಲನೆಯದೇ, ಎಲ್ಲ ಬಂದೂಕುಗಳಲ್ಲೂ ಯಾವಾಗಲೂ ಗುಂಡಿದೆ ಅನ್ನುವುದು. ಖಾಲಿ ಇಟ್ಟುಕೊಳ್ಳಿ, ತುಂಬಿ ಇಟ್ಟುಕೊಳ್ಳಿ, ಕೈ ಮಾತ್ರ ತುಂಬಿದೆ ಎಂದೇ ನಡೆದುಕೊಳ್ಳಲಿ.

ಭಯ ಇರುವವರಿಗೆ ನಾನು ಒಂದು ಪರೀಕ್ಷೆ ಹೇಳುತ್ತೇನೆ. ಪಿಸ್ತೂಲನ್ನು ಪೂರ್ತಿ ಖಾಲಿ ಮಾಡಿ, ಮ್ಯಾಗಜೀನಿನಲ್ಲೂ ಗುಂಡು ಬೇಡ. ಸ್ಲೈಡ್ ಒಮ್ಮೆ ಎಳೆದು ಬಿಡಿ. ಈಗ ಒಳಗಿನ ಯಂತ್ರ ಹೂಡಿದ ಸ್ಥಿತಿಯಲ್ಲಿದೆ, ಹಾರಿಸಲು ಗುಂಡಿಲ್ಲ. ಹಾಗೇ ಹೋಲ್‌ಸ್ಟರಿಗೆ ಹಾಕಿಕೊಂಡು ಮನೆಯಲ್ಲೇ ಮೂರು ವಾರ ಎಂದಿನ ಕೆಲಸ ಮಾಡಿ. ಬಗ್ಗಿ, ಕೂರಿ, ಮೆಟ್ಟಿಲು ಹತ್ತಿ, ಭಾರ ಎತ್ತಿ. ದಿನಾ ರಾತ್ರಿ ತೆಗೆದು ನೋಡಿ. ಟ್ರಿಗರ್ ಮುಂದೆಯೇ ಇದೆಯಾ, ಇಲ್ಲ ಹಿಂದಕ್ಕೆ ಬಿದ್ದಿದೆಯಾ? ಹಿಂಭಾಗದಲ್ಲಿ ಹ್ಯಾಮರ್, ಅಂದರೆ ಆ ಮೊಳೆಗೆ ಬಡಿಯುವ ಸುತ್ತಿಗೆ, ಇರುವ ಪಿಸ್ತೂಲಾದರೆ ಅದು ಇನ್ನೂ ಎದ್ದೇ ಇದೆಯಾ? ಮೂರು ವಾರದಲ್ಲಿ ಒಮ್ಮೆಯೂ ಬೀಳದಿದ್ದರೆ ನಿಮ್ಮ ಕಣ್ಣೇ ನಿಮಗೆ ಧೈರ್ಯ ಹೇಳುತ್ತದೆ. ಒಮ್ಮೆ ಬಿದ್ದಿದ್ದರೂ ಯಾಕೆ ಅಂತ ಗೊತ್ತಾಗುವ ತನಕ ಗುಂಡು ಹಾಕಬೇಡಿ.

ಪ್ರಶ್ನೆ: ನನ್ನದು ಸಣ್ಣ ಪಿಸ್ತೂಲು. ಹೋಲ್‌ಸ್ಟರ್ ಇಲ್ಲದೆ ಪ್ಯಾಂಟಿನ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತೇನೆ. ಎರಡು ವರ್ಷದಿಂದ ಏನೂ ಆಗಿಲ್ಲ.

ಉತ್ತರ: ಇವತ್ತೇ ನಿಲ್ಲಿಸಿ. 2008ರ ನವೆಂಬರ್‌ನಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರ ಪ್ಲಾಕ್ಸಿಕೊ ಬರೆಸ್ ನ್ಯೂಯಾರ್ಕಿನ ಒಂದು ನೈಟ್‌ಕ್ಲಬ್ಬಿಗೆ ಹೀಗೇ ಹೋಗಿದ್ದರು. ಪಿಸ್ತೂಲು ಸೊಂಟದಿಂದ ಕಾಲಿನ ಕಡೆ ಜಾರಿತು, ಹಿಡಿಯಲು ಹೋದರು, ಗುಂಡು ತೊಡೆಗೆ ಹೊಕ್ಕಿತು. ಅಲ್ಲಿಯ ಲೈಸೆನ್ಸೂ ಇರಲಿಲ್ಲ, ಮರುವರ್ಷ ಎರಡು ವರ್ಷ ಜೈಲು ಶಿಕ್ಷೆಯಾಯಿತು. ಆ ಪಿಸ್ತೂಲು ಕೆಟ್ಟಿರಲಿಲ್ಲ. ಜಾರುವುದನ್ನು ಹಿಡಿಯುವುದು ಯಾವ ಕೈಯಾದರೂ ಮಾಡುವ ಕೆಲಸ, ಅದನ್ನು ಬುದ್ಧಿ ಹೇಳಿ ತಡೆಯಲು ಆಗುವುದಿಲ್ಲ. ಜಾರದ ಹಾಗೆ ಮಾಡಬಹುದು, ಅಷ್ಟೆ.

ಹೋಲ್‌ಸ್ಟರ್ ಹೇಗಿರಬೇಕು ಎಂದು ಇನ್ನೂ ನಾಲ್ಕು ಜನ ಕೇಳಿದ್ದಾರೆ, ಇಲ್ಲೇ ಹೇಳುತ್ತೇನೆ. ನಿಮ್ಮ ಮಾಡೆಲ್ಲಿಗೇ ಮಾಡಿದ್ದಾಗಿರಬೇಕು. ಟ್ರಿಗರ್ ಮತ್ತು ಅದರ ಸುತ್ತಲಿನ ಬಳೆ ಪೂರ್ತಿ ಮುಚ್ಚಿರಬೇಕು, ಅದೂ ಗಟ್ಟಿ ವಸ್ತುವಿನಿಂದ. ಹೊರಗಿನಿಂದ ಬೆರಳಿಟ್ಟು ಒತ್ತಿದರೂ ಟ್ರಿಗರ್ ಕೈಗೆ ಸಿಗಬಾರದು. ಪಿಸ್ತೂಲು ತೆಗೆದಮೇಲೂ ಅದರ ಬಾಯಿ ತೆರೆದೇ ಇರಬೇಕು. ತಲೆಕೆಳಗು ಮಾಡಿ ಅಲ್ಲಾಡಿಸಿದರೆ ಖಾಲಿ ಪಿಸ್ತೂಲು ಬೀಳಬಾರದು. ಬೆಲ್ಟೂ ಗಟ್ಟಿಯಿರಲಿ, ಇಲ್ಲದಿದ್ದರೆ ಹೋಲ್‌ಸ್ಟರ್ ಎಷ್ಟು ಒಳ್ಳೆಯದಾದರೂ ವಾಲಾಡುತ್ತದೆ. ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಳೆಯಿಂದ ಮಾಡಿದವು ಈ ಎಲ್ಲಕ್ಕೂ ಚೆನ್ನಾಗಿ ಒಗ್ಗುತ್ತವೆ. ಚರ್ಮದ್ದೂ ಒಳ್ಳೆಯದೇ, ಆದರೆ ಹಳೆಯದಾಗಿ ಮೆತ್ತಗಾದ ಚರ್ಮ ಒಳಕ್ಕೆ ಮಡಚಿಕೊಂಡು ಪಿಸ್ತೂಲು ಹಾಕುವಾಗ ಟ್ರಿಗರನ್ನೇ ಒತ್ತಿಬಿಡಬಹುದು. ಮೆತ್ತಗಾದದ್ದನ್ನು ಪ್ರೀತಿಯಿಂದ ಇಟ್ಟುಕೊಳ್ಳಬೇಡಿ, ಎಸೆಯಿರಿ. ಜೇಬಿನಲ್ಲಿ ಇಡುವುದಾದರೂ ಜೇಬಿನ ಹೋಲ್‌ಸ್ಟರೊಳಗೇ ಇಡಬೇಕು. ಆ ಜೇಬಿನಲ್ಲಿ ಕೀ, ನಾಣ್ಯ, ಪೆನ್ನು ಏನೂ ಇರಕೂಡದು.

ಪ್ರಶ್ನೆ: ಹೋಲ್‌ಸ್ಟರಿಗೆ ವಾಪಸ್ ಹಾಕುವಾಗ ಜಾಗ್ರತೆ ಅಂತ ಎಲ್ಲರೂ ಹೇಳುತ್ತಾರೆ. ತೆಗೆಯುವುದು ತಾನೇ ಕಷ್ಟ, ಹಾಕುವುದರಲ್ಲಿ ಏನಿದೆ? ನಾನು ಮುಂಭಾಗದಲ್ಲಿ, ಹೊಟ್ಟೆಯ ಕೆಳಗೆ ಇಟ್ಟುಕೊಳ್ಳುತ್ತೇನೆ.

ಉತ್ತರ: ಹಾಕುವುದರಲ್ಲೇ ಎಲ್ಲ ಇದೆ. ಈ ಅಂಕಣದಲ್ಲಿ ಒಂದೇ ಒಂದು ಉತ್ತರ ಓದಿ ಬಿಡುವವರಿದ್ದರೆ ಇದನ್ನು ಓದಿ. ತುಂಬಿದ ಪಿಸ್ತೂಲನ್ನು ನೀವೇ ಕೈಯಾರೆ ಒಂದು ಇಕ್ಕಟ್ಟಿನ ಜಾಗಕ್ಕೆ ತಳ್ಳುತ್ತೀರಿ. ನೀವು ಕೆಳಕ್ಕೆ ತಳ್ಳುವಾಗ ದಾರಿಯಲ್ಲಿ ಏನಾದರೂ ಟ್ರಿಗರಿಗೆ ಅಡ್ಡ ಸಿಕ್ಕಿದರೆ, ತಳ್ಳಿದಷ್ಟೂ ಟ್ರಿಗರ್ ಹಿಂದಕ್ಕೆ ಹೋಗುತ್ತದೆ. ಆ ಮೂರು ತಡೆಗಳೂ ಅಲ್ಲಿ ಉಪಯೋಗಕ್ಕಿಲ್ಲ. ಎಳೆದದ್ದು ಬೆರಳೋ ಬಟ್ಟೆಯೋ ಅಂತ ಯಂತ್ರಕ್ಕೆ ಗೊತ್ತಾಗುವುದಿಲ್ಲ ಅಲ್ವಾ? ಗ್ಲಾಕ್ ಥರದ ಪಿಸ್ತೂಲಿನಲ್ಲಿ ಟ್ರಿಗರ್ ಎಳೆಯಲು ಸುಮಾರು ಎರಡೂವರೆ ಕಿಲೋ ಬಲ ಸಾಕು. ತಳ್ಳುವ ಕೈಗೆ ಅದು ಏನೂ ಅಲ್ಲ.

ನನಗೇ ಆದದ್ದು ಹೇಳುತ್ತೇನೆ. ಮಳೆಗೆಂದು ಒಂದು ಜಾಕೆಟ್ ಹಾಕಿದ್ದೆ, ಅದರ ಅಂಚಿನಲ್ಲಿ ಬಿಗಿ ಮಾಡುವ ದಾರ, ದಾರದ ತುದಿಗೆ ಪ್ಲಾಸ್ಟಿಕ್ ಗುಂಡಿ. ಅಭ್ಯಾಸ ಮುಗಿಸಿ ಪಿಸ್ತೂಲು ವಾಪಸ್ ಹಾಕುತ್ತಿದ್ದೆ. ಅರ್ಧ ಹೋಗಿ ಏನೋ ತಡೆದ ಹಾಗಾಯಿತು. ಇನ್ನೊಂದು ಚೂರು ಒತ್ತಿದ್ದರೆ ಹೋಗುತ್ತಿತ್ತು. ಯಾಕೋ ಕೈ ನಿಂತಿತು. ಹೊರಗೆ ತೆಗೆದು ನೋಡಿದರೆ ಆ ಗುಂಡಿ ಟ್ರಿಗರಿನ ಮುಂದೆ, ಬಳೆಯೊಳಗೆ ಕೂತಿತ್ತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಎದ್ದು ಮನೆಯಲ್ಲಿದ್ದ ಜಾಕೆಟ್‌ಗಳ ದಾರವನ್ನೆಲ್ಲ ಕತ್ತರಿಸಿ ಹಾಕಿದೆ.

ಹಾಗಾಗಿ ನಿಧಾನ. ಪಿಸ್ತೂಲು ತೆಗೆಯಲು ಆತುರ ಇರಬಹುದು, ವಾಪಸ್ ಹಾಕಲು ಆತುರಪಡಬೇಕಾದ ಸಂದರ್ಭವೇ ಇಲ್ಲ. ಬೆರಳು ಟ್ರಿಗರಿನಿಂದ ಹೊರಗೆ, ಚೌಕಟ್ಟಿನ ಮೇಲೆ ನೆಟ್ಟಗೆ ಚಾಚಿರಲಿ. ಇನ್ನೊಂದು ಕೈಯಿಂದ ಅಂಗಿಯನ್ನು ಎದೆಯವರೆಗೆ ಎತ್ತಿ ಹಿಡಿಯಿರಿ. ಕಣ್ಣಿಂದ ಹೋಲ್‌ಸ್ಟರಿನ ಬಾಯಿ ನೋಡಿ. ನೋಡದೆ ಹಾಕುವುದೇ ಪರಿಣತಿ ಅಂತ ಕೆಲವರು ತಿಳಿದಿದ್ದಾರೆ, ನಾನು ಒಪ್ಪುವುದಿಲ್ಲ. ಹ್ಯಾಮರ್ ಇರುವ ಪಿಸ್ತೂಲಾದರೆ ಹೆಬ್ಬೆರಳನ್ನು ಹ್ಯಾಮರ್ ಮೇಲೆ ಒತ್ತಿಟ್ಟುಕೊಳ್ಳಿ, ಅದು ಅಲುಗಿದರೆ ತಕ್ಷಣ ಗೊತ್ತಾಗುತ್ತದೆ. ಚೂರು ತಡೆ ಸಿಕ್ಕಿದರೂ ನಿಲ್ಲಿಸಿ, ಹೊರಗೆ ತೆಗೆದು ನೋಡಿ.

ಮುಂಭಾಗದಲ್ಲಿ ಇಟ್ಟುಕೊಳ್ಳುವ ನಿಮಗೆ ಇನ್ನೂ ಒಂದು ಮಾತು. ಅಲ್ಲಿ ನಳಿಕೆ ತೊಡೆಯ ಕಡೆ ನೋಡುತ್ತಿರುತ್ತದೆ. ತೊಡೆಯಲ್ಲಿ ದೊಡ್ಡ ರಕ್ತನಾಳ ಇದೆ, ಅದು ಹರಿದರೆ ಕೆಲವೇ ನಿಮಿಷದಲ್ಲಿ ಜೀವ ಹೋಗಬಹುದು. ಹಾಕುವಾಗ ಸೊಂಟವನ್ನು ಮುಂದಕ್ಕೆ ತಳ್ಳಿ, ಎದೆ ಹಿಂದಕ್ಕೆ ವಾಲಿಸಿ ನಿಂತರೆ ನಳಿಕೆ ಮೈಯಿಂದ ಆಚೆ ತಿರುಗುತ್ತದೆ. ಇದಕ್ಕಿಂತ ಒಳ್ಳೆಯ ದಾರಿಯೂ ಇದೆ. ಬೆಳಗ್ಗೆ ಹೋಲ್‌ಸ್ಟರನ್ನು ಮೈಯಿಂದ ಬಿಚ್ಚಿಟ್ಟುಕೊಂಡೇ, ಅದನ್ನು ಹಿಡಿದ ಕೈ ನಳಿಕೆಯ ಮುಂದೆ ಬರದ ಹಾಗೆ, ಪಿಸ್ತೂಲನ್ನು ಅದರೊಳಗೆ ಹಾಕಿ. ಆಮೇಲೆ ಎರಡನ್ನೂ ಒಟ್ಟಿಗೆ ಬೆಲ್ಟಿಗೆ ಸಿಕ್ಕಿಸಿ. ರಾತ್ರಿ ಹೋಲ್‌ಸ್ಟರ್ ಸಮೇತ ಬಿಚ್ಚಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ. ಟ್ರಿಗರ್ ಮುಚ್ಚಿಯೇ ಇರುತ್ತದೆ.

ಪ್ರಶ್ನೆ: ತಾತನ ಕಾಲದ ಆರು ಗುಂಡಿನ ರಿವಾಲ್ವರ್ ಇದೆ. ಇದರಲ್ಲೂ ಆರನ್ನೂ ತುಂಬಿಟ್ಟುಕೊಳ್ಳಬಹುದಾ?

ಉತ್ತರ: ಹಳೆಯ ಸಿಂಗಲ್ ಆಕ್ಷನ್ ರಿವಾಲ್ವರ್ ಆದರೆ, ಅಂದರೆ ಪ್ರತಿ ಸಲ ಹ್ಯಾಮರನ್ನು ಕೈಯಿಂದಲೇ ಎಳೆಯಬೇಕಾದದ್ದಾದರೆ, ಬೇಡ. ಅದರಲ್ಲಿ ಹ್ಯಾಮರ್ ಕೆಳಗಿದ್ದಾಗ ಅದರ ಮೊನೆ ನೇರ ಗುಂಡಿನ ಪ್ರೈಮರಿಗೆ ತಾಗಿಕೊಂಡಿರುತ್ತದೆ. ಹೊರಗಿನಿಂದ ಒಂದು ಪೆಟ್ಟು ಬಿದ್ದರೆ ಸಾಕು. ಅಮೆರಿಕದ ಪಶ್ಚಿಮ ಸೀಮೆಯಲ್ಲಿ ಹೆಸರಾದ ವಯಟ್ ಅರ್ಪ್ ಅಂಥವರಿಗೇ 1876ರ ಜನವರಿಯಲ್ಲಿ ಹೀಗಾಯಿತು. ವಿಚಿಟಾ ಊರಿನ ಒಂದು ಮದ್ಯದಂಗಡಿಯಲ್ಲಿ ಕೂತಿದ್ದಾಗ ರಿವಾಲ್ವರ್ ಜಾರಿ ಬಿದ್ದು ಸಿಡಿದು, ಗುಂಡು ಅವರ ಕೋಟನ್ನೇ ತೂರಿಹೋಯಿತು. ಅದಕ್ಕೇ ಹಳಬರು ಐದೇ ತುಂಬಿ, ಹ್ಯಾಮರಿನ ಕೆಳಗೆ ಖಾಲಿ ತೂತು ಬರುವ ಹಾಗೆ ಇಡುತ್ತಿದ್ದರು. ನೀವೂ ಹಾಗೇ ಮಾಡಿ. ರೂಗರ್ ಕಂಪನಿ 1973ರಲ್ಲಿ, ಟ್ರಿಗರ್ ಎಳೆದಾಗ ಮಾತ್ರ ಹ್ಯಾಮರಿನ ಪೆಟ್ಟನ್ನು ಮೊಳೆಗೆ ಮುಟ್ಟಿಸುವ ಟ್ರಾನ್ಸ್‌ಫರ್ ಬಾರ್ ಎಂಬ ಪಟ್ಟಿ ಇಟ್ಟ ಹೊಸ ಮಾದರಿ ತಂದಮೇಲೆ, ಅಂಥ ರಿವಾಲ್ವರ್‌ಗಳಲ್ಲಿ ಆರನ್ನೂ ತುಂಬಬಹುದು. ನಿಮ್ಮದು ಯಾವುದು ಅಂತ ಬಲ್ಲವರಿಗೆ ತೋರಿಸಿ.

ಇದರ ಜತೆಗೇ 1911 ಎಂಬ ಹಳೆಯ ಮಾದರಿಯ ಪಿಸ್ತೂಲಿನ ಬಗ್ಗೆ ಕೇಳಿದವರಿಗೂ ಹೇಳಿಬಿಡುತ್ತೇನೆ. ಹ್ಯಾಮರ್ ಎದ್ದಿರುವುದನ್ನು ಕಂಡು ಹೆದರಿ, ಚೇಂಬರಿನಲ್ಲಿ ಗುಂಡಿರುವಾಗಲೇ ಟ್ರಿಗರ್ ಒತ್ತಿ ಹೆಬ್ಬೆರಳಿನಿಂದ ಹ್ಯಾಮರನ್ನು ಮೆಲ್ಲಗೆ ಇಳಿಸುತ್ತೀರಿ ಎಂದು ಬರೆದಿದ್ದೀರಿ. ದಯವಿಟ್ಟು ಬೇಡ. ಹೆಬ್ಬೆರಳು ಬೆವತು ಜಾರಿದರೆ ಮುಗಿಯಿತು. ಆ ಪಿಸ್ತೂಲು ಹ್ಯಾಮರ್ ಎದ್ದು, ಸೇಫ್ಟಿ (ಹಾರದಂತೆ ತಡೆಯುವ ಲಿವರ್) ಹಾಕಿ ಇಡುವುದಕ್ಕೇ ಸರಿಯಾಗಿ ಹೊಂದುತ್ತದೆ. ಹಾಗಿಡಲು ಮನಸ್ಸು ಒಪ್ಪದಿದ್ದರೆ ಚೇಂಬರ್ ಖಾಲಿ ಇಡಿ. ಹ್ಯಾಮರನ್ನು ಇಳಿಸುವುದಕ್ಕೆಂದೇ ಡಿಕಾಕರ್ ಎಂಬ ಲಿವರ್ ಇರುವ ಪಿಸ್ತೂಲುಗಳಲ್ಲಿ ಅದನ್ನು ಬಳಸಿಯೇ ಇಳಿಸಿ, ಆಗಲೂ ನಳಿಕೆ ಸುರಕ್ಷಿತ ದಿಕ್ಕಿಗಿರಲಿ.

ಪ್ರಶ್ನೆ: ದಿನಾ ಸಂಜೆ ಖಾಲಿ ಮಾಡಿ ಬೆಳಗ್ಗೆ ಅದೇ ಗುಂಡನ್ನು ಮತ್ತೆ ಚೇಂಬರಿಗೆ ಹಾಕುತ್ತೇನೆ. ಇದು ಸರಿ ತಾನೇ?

ಉತ್ತರ: ಎರಡು ಕಾರಣಕ್ಕೆ ಸರಿಯಲ್ಲ. ಒಂದು, ಮುಟ್ಟಿದಷ್ಟೂ ಅಪಾಯ ಜಾಸ್ತಿ ಎಂದು ಆಗಲೇ ಹೇಳಿದೆ. ದಿನಕ್ಕೆ ಎರಡು ಸಲ ತುಂಬುವುದು, ಬಿಚ್ಚುವುದು ಅಂದರೆ ವರ್ಷಕ್ಕೆ 700ಕ್ಕೂ ಹೆಚ್ಚು ಸಲ. ಅದರಲ್ಲಿ ಒಂದು ದಿನ ನಿಮಗೆ ಜ್ವರ ಇರುತ್ತದೆ, ಒಂದು ದಿನ ಫೋನ್ ಬರುತ್ತದೆ.

ಇನ್ನೊಂದು, ಗುಂಡಿನ ವಿಷಯ. ಸ್ಲೈಡ್ ಮುನ್ನುಗ್ಗಿ ಗುಂಡನ್ನು ಚೇಂಬರಿಗೆ ನೂಕುವಾಗ ಅದರ ಮೂತಿ ಚೇಂಬರಿನ ಬಾಯಿಯ ಇಳಿಜಾರಿಗೆ ಬಡಿಯುತ್ತದೆ. ಮತ್ತೆ ಮತ್ತೆ ಹೀಗಾದರೆ ಮುಂದಿನ ಸೀಸದ ತುಂಡು ಹಿತ್ತಾಳೆಯ ಕೊಳವೆಯೊಳಗೆ ಹಿಂದೆ ಸರಿಯುತ್ತದೆ. ಒಳಗಿನ ಜಾಗ ಕಡಿಮೆಯಾಗಿ, ಹಾರಿಸಿದಾಗ ಒತ್ತಡ ಮಿತಿಮೀರಿ ಏರಬಹುದು, ಪಿಸ್ತೂಲೇ ಒಡೆಯಬಹುದು. ಅದೇ ಪೆಟ್ಟಿಗೆಯ ಹೊಸ ಗುಂಡನ್ನು ಪಕ್ಕದಲ್ಲಿ ನಿಲ್ಲಿಸಿ ನೋಡಿ. ನಿಮ್ಮದು ಚೂರು ಗಿಡ್ಡವಾಗಿ ಕಂಡರೂ ಅದನ್ನು ಮತ್ತೆ ತುಂಬಬೇಡಿ.

ಖಾಲಿ ಮಾಡಲೇಬೇಕಾದಾಗ ಕ್ರಮ ತಪ್ಪಿಸಬೇಡಿ. ಸುರಕ್ಷಿತ ದಿಕ್ಕು, ಬೆರಳು ಹೊರಗೆ. ಮೊದಲು ಮ್ಯಾಗಜೀನ್ ಹೊರಗೆ, ಆಮೇಲೆ ಸ್ಲೈಡ್. ಇದನ್ನು ಉಲ್ಟಾ ಮಾಡಿದರೆ ಒಂದು ಗುಂಡು ಹೊರಗೆ ಬಿದ್ದು ಇನ್ನೊಂದು ಒಳಗೆ ಹೋಗಿ ಕೂತಿರುತ್ತದೆ, ನೀವು ಖಾಲಿಯಾಯಿತು ಅಂದುಕೊಳ್ಳುತ್ತೀರಿ. ಸ್ಲೈಡ್ ಹಿಂದಕ್ಕೆ ನಿಲ್ಲಿಸಿ ಚೇಂಬರನ್ನು ಕಣ್ಣಿಂದ ನೋಡಿ, ಕಿರುಬೆರಳು ಹಾಕಿಯೂ ನೋಡಿ. ಹೊರಬರುವ ಗುಂಡನ್ನು ಅಂಗೈ ಮುಚ್ಚಿ ಹಿಡಿಯಬೇಡಿ. ಅದರ ಪ್ರೈಮರ್ ಒಳಗಿನ ಲೋಹಕ್ಕೆ ತಾಗಿ ಗುಂಡು ಕೈಯಲ್ಲೇ ಸಿಡಿದದ್ದುಂಟು. ನೆಲಕ್ಕೆ ಬೀಳಲಿ, ಆಮೇಲೆ ಹೆಕ್ಕಿಕೊಳ್ಳಿ.

ಪ್ರಶ್ನೆ: ಹ್ಯಾಂಡ್‌ಬ್ಯಾಗಿನಲ್ಲಿ ಇಟ್ಟುಕೊಳ್ಳಬಹುದಾ? ಸೀರೆ, ಚೂಡಿದಾರಕ್ಕೆ ಬೆಲ್ಟ್ ಆಗುವುದಿಲ್ಲ. ಮನೆಯಲ್ಲಿ ಮೂರು ವರ್ಷದ ಮಗು ಇದೆ.

ಉತ್ತರ: ಅಮ್ಮಾ, ಬೇಡ. 2014ರ ಡಿಸೆಂಬರ್‌ನಲ್ಲಿ ಅಮೆರಿಕದ ಐಡಹೊ ರಾಜ್ಯದಲ್ಲಿ ಒಬ್ಬ ತಾಯಿ ಮಗುವಿನ ಜತೆ ಅಂಗಡಿಗೆ ಹೋಗಿದ್ದರು. ಬ್ಯಾಗು ಪಿಸ್ತೂಲಿಗೆಂದೇ ಮಾಡಿದ್ದು, ಪ್ರತ್ಯೇಕ ಜಿಪ್ ಇತ್ತು. ಎರಡು ವರ್ಷದ ಮಗುವಿನ ಕೈಗೆ ಆ ಪಿಸ್ತೂಲು ಸಿಕ್ಕಿತು, ಗುಂಡು ಹಾರಿ ತಾಯಿ ಅಲ್ಲೇ ತೀರಿಕೊಂಡರು. ಇದನ್ನು ಬರೆಯುವಾಗ ನನ್ನ ಕೈಯೇ ನಡುಗುತ್ತದೆ. ಬ್ಯಾಗನ್ನು ಕುರ್ಚಿಯ ಮೇಲೆ ಇಡುತ್ತೀರಿ, ತಳ್ಳುಗಾಡಿಯಲ್ಲಿ ಇಡುತ್ತೀರಿ, ಮಗು ಅದರಲ್ಲಿ ಬಿಸ್ಕತ್ತು ಹುಡುಕುತ್ತದೆ. ಸೊಂಟಕ್ಕೆ ಬಟ್ಟೆಯ ಅಗಲ ಪಟ್ಟಿ ಕಟ್ಟಿ, ಅದರೊಳಗೆ ಟ್ರಿಗರ್ ಮುಚ್ಚುವ ಗಟ್ಟಿ ಚಿಪ್ಪು ಇರುವ ಥರದ್ದು ಸಿಗುತ್ತದೆ. ಅದು ಬೆಲ್ಟಿಲ್ಲದ ಉಡುಪಿಗೂ ಆಗುತ್ತದೆ. ಅದೂ ಹೊಂದದಿದ್ದರೆ, ಮಗು ದೊಡ್ಡದಾಗುವ ತನಕ ಪಿಸ್ತೂಲು ಮನೆಯ ಬೀಗದ ಪೆಟ್ಟಿಗೆಯಲ್ಲೇ ಇರಲಿ.

ಪ್ರಶ್ನೆ: ಶೌಚಾಲಯದಲ್ಲಿ ಏನು ಮಾಡಬೇಕು? ಯಾರೂ ಹೇಳಿಕೊಡುವುದಿಲ್ಲ.

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ಹೋಲ್‌ಸ್ಟರಿನಿಂದ ತೆಗೆಯಲೇಬೇಡಿ. ಪಿಸ್ತೂಲನ್ನು ಕೊಂಡಿಗೆ ನೇತುಹಾಕಬೇಡಿ, ಫ್ಲಶ್ ಟ್ಯಾಂಕಿನ ಮೇಲೆ ಇಡಬೇಡಿ, ಮರೆತು ಬರುತ್ತೀರಿ. ಬೆಲ್ಟು ಬಿಗಿಯಾಗಿಯೇ ಇರಲಿ, ಪ್ಯಾಂಟು ಮೊಣಕಾಲಿನಿಂದ ಕೆಳಗೆ ಇಳಿಯದಿರಲಿ. ಬಿದ್ದರೆ? ಬೀಳಲು ಬಿಡಿ. ಹಿಡಿಯಲು ಹೋಗಬೇಡಿ. 2018ರ ಜೂನ್‌ನಲ್ಲಿ ಡೆನ್ವರಿನ ಒಂದು ಬಾರಿನಲ್ಲಿ ಡ್ಯೂಟಿಯಲ್ಲಿಲ್ಲದ ಎಫ್‌ಬಿಐ ಅಧಿಕಾರಿಯೊಬ್ಬರು ಕುಣಿಯುತ್ತಾ ಹಿಮ್ಮುಖ ಲಾಗ ಹಾಕಿದಾಗ ಸೊಂಟದ ಪಿಸ್ತೂಲು ನೆಲಕ್ಕೆ ಬಿತ್ತು. ಬಿದ್ದಾಗ ಅದು ಹಾರಲಿಲ್ಲ. ಗಾಬರಿಯಿಂದ ಎತ್ತಿಕೊಂಡಾಗ ಹಾರಿತು, ಅಲ್ಲಿದ್ದ ಒಬ್ಬರ ಕಾಲಿಗೆ ತಗುಲಿತು. ಬಿದ್ದದ್ದನ್ನು ನಿಧಾನವಾಗಿ, ಹಿಡಿಯ ಕಡೆಯಿಂದ, ಬೆರಳು ಟ್ರಿಗರಿಗೆ ತಾಗದ ಹಾಗೆ ಎತ್ತಿಕೊಳ್ಳಿ. ಇನ್ನು ಕುಡಿಯುವ ದಿನ ಪಿಸ್ತೂಲು ಮನೆಯಲ್ಲಿರಬೇಕು, ಒಂದೇ ಗ್ಲಾಸ್ ಆದರೂ.

ಪ್ರಶ್ನೆ: ನಾನು ಎಲ್ಲ ಸರಿಯಾಗೇ ಮಾಡುತ್ತೇನೆ. ಆದರೆ ತುಂಬಿದ ಪಿಸ್ತೂಲು ಸೊಂಟದಲ್ಲಿದ್ದರೆ ಹೆಂಡತಿ ಪಕ್ಕದಲ್ಲಿ ಕೂರುವುದಕ್ಕೇ ಹೆದರುತ್ತಾಳೆ. ಹೇಗೆ ಒಪ್ಪಿಸಲಿ?

ಉತ್ತರ: ಒಪ್ಪಿಸಲು ಹೊರಡಬೇಡಿ. ಮೊದಲು ಅವರಿಗೆ ಏನು ಭಯ ಅಂತ ಪೂರ್ತಿ ಕೇಳಿಸಿಕೊಳ್ಳಿ. ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ಪಿಸ್ತೂಲು ಖಾಲಿ ಮಾಡಿ ಅವರ ಮುಂದಿಟ್ಟು, ಚೇಂಬರ್ ಖಾಲಿ ಇದೆಯಾ ಅಂತ ನೋಡುವುದು ಹೇಗೆ ಎಂದು ಅವರ ಕೈಯಲ್ಲೇ ಮಾಡಿಸಿ. ಮೇಲೆ ಹೇಳಿದ ಮೂರು ವಾರದ ಪರೀಕ್ಷೆ ಮಾಡುವಾಗ, ದಿನಾ ರಾತ್ರಿ ಟ್ರಿಗರ್ ಎಲ್ಲಿದೆ ಅಂತ ನೋಡುವ ಕೆಲಸ ಅವರದೇ ಆಗಲಿ. ಇಷ್ಟಾದ ಮೇಲೂ ಮನೆಯೊಳಗೆ ಚೇಂಬರ್ ಖಾಲಿ ಇರಲಿ ಎಂದರೆ ಖಾಲಿ ಇಡಿ.